ವಾರ್ಡ್ ಕಮಿಟಿ ಮೀಟಿಂಗ್ ರಿವ್ಯೂ: ಕಸ, ಎಲೆ, ಮರಕ್ಕೆ ಹೋಗ್ಬಹುದು, ಕೆರೆಗೆ ಬೇಡ

ಐದಕ್ಕೆ ಮೂರು ಸ್ಟಾರ್. ಮೊದ್ಲೇ ಹೇಳ್ಬಿಡ್ತೀನಿ, ಯಾಕಂದ್ರೆ ಪೂರ್ತಿ ಓದೋಕೆ ಎಲ್ರಿಗೂ ಪುರುಸೊತ್ತಿರಲ್ಲ. ಬೆಂಗಳೂರಲ್ಲಿ ಒಂದು ದರ್ಶಿನಿ ಓಪನ್ ಆದ್ರೆ ಸಂಜೆಯೊಳಗೆ ರಾಶಿ ರಾಶಿ ರಿವ್ಯೂ ಬೀಳುತ್ತೆ, ಚಟ್ನಿ ನೀರಾಗಿದೆ, ವಡೆ ಎಣ್ಣೆ ಕುಡ್ದಿದೆ, ಕಾಫಿ ಮಾತ್ರ ಸೂಪರ್ ಅಂತ. ಆದ್ರೆ ನಾವು ಕಟ್ಟೋ ತೆರಿಗೇಲೇ ನಡೆಯೋ, ಒಳಗೆ ಹೋಗೋಕೆ ಒಂದು ರೂಪಾಯಿ ಕೊಡ್ಬೇಕಾಗಿಲ್ದಿರೋ ಒಂದು ಸರ್ವಿಸ್ ಇದೆ, ವಾರ್ಡ್ ಕಮಿಟಿ ಮೀಟಿಂಗು, ಅಂದ್ರೆ ಏರಿಯಾದ ಕಸ, ಚರಂಡಿ, ಮರದ ಬಗ್ಗೆ ಆಫೀಸರ್‌ಗಳ ಎದುರಿಗೆ ಕೂತು ಮಾತಾಡೋ ಸಭೆ, ಅದ್ರ ಬಗ್ಗೆ ಒಬ್ರೂ ನೆಟ್ಟಗೆ ಬರೆಯಲ್ಲ. ಬರೆದ್ರೂ "ಟೈಮ್ ವೇಸ್ಟು" ಅಂತ ಎರಡು ಪದ, ಮುಗೀತು. ಬರೆದೋರಲ್ಲಿ ಎಷ್ಟ್ ಜನ ಆ ಬಾಗಿಲು ದಾಟಿದಾರೆ ಅಂತ ನಂಗೆ ಅನುಮಾನ.

ಯಾವ ವಾರ್ಡು ಅಂತ ಹೇಳಲ್ಲ, ಕೇಳ್ಬೇಡಿ. ಅಲ್ಲಿ ಕೆಲಸ ಮಾಡೋರು ದಿನಾ ಎದುರಿಗೆ ಸಿಗ್ತಾರೆ, ಸುಮ್ನೆ ಯಾಕೆ. ಬೆಂಗಳೂರು ದಕ್ಷಿಣದ ಕಡೆ ಅಂತ ಇಟ್ಕೊಳಿ, ಹಳೇ ಲೇಔಟು, ರಸ್ತೆ ಎರಡೂ ಕಡೆ ಮರ, ಮಧ್ಯೆ ಒಂದು ಪಾರ್ಕು, ಆ ತುದೀಲಿ ಪಿಜಿಗಳು, ಈ ತುದೀಲಿ ಚಿಕನ್ ಅಂಗಡಿ ಸಾಲು. ಕಾರ್ಪೊರೇಟರ್ ಇದ್ದ ಕಾಲದಲ್ಲೂ ಹೋಗಿದೀನಿ, ಅವರ ಅವಧಿ ಮುಗಿದ್ಮೇಲೆ ಆಫೀಸರ್‌ಗಳು ನಡೆಸಿದ ಮೀಟಿಂಗ್‌ಗೂ ಹೋಗಿದೀನಿ, ಎರಡರದ್ದೂ ಸೇರಿಸಿ ಈ ರಿವ್ಯೂ.

ಗೊತ್ತಿಲ್ದೋರಿಗೆ ಸ್ವಲ್ಪ ಹಿನ್ನೆಲೆ. 1992ರ ಸಂವಿಧಾನದ 74ನೇ ತಿದ್ದುಪಡಿ ಇದೆಯಲ್ಲ, ಅದ್ರಲ್ಲೇ ಮೂರು ಲಕ್ಷಕ್ಕಿಂತ ಜಾಸ್ತಿ ಜನ ಇರೋ ಊರಲ್ಲಿ ವಾರ್ಡ್ ಕಮಿಟಿ ಇರ್ಬೇಕು ಅಂತ ಬರೆದಿದೆ. ಬರೆದು ಎಷ್ಟೋ ವರ್ಷ ಆದ್ರೂ ಇಲ್ಲಿ ಯಾರೂ ತಲೆ ಕೆಡಿಸ್ಕೊಂಡಿರ್ಲಿಲ್ಲ. ಬೆಂಗಳೂರಿಗೆ ಅದು ನೆನಪಾಗಿದ್ದು ಕಸದಿಂದ. 2012ರಲ್ಲಿ ಮಾವಳ್ಳಿಪುರದ ಲ್ಯಾಂಡ್‌ಫಿಲ್, ಅಂದ್ರೆ ಊರಿನ ಕಸ ಸುರಿಯೋ ಜಾಗ, ಮುಚ್ಚಿಸಿದ್ರಲ್ಲ, ಆಗ ರಸ್ತೆ ರಸ್ತೇಲಿ ಕಸದ ಗುಡ್ಡೆ ಬಿದ್ದಿದ್ದು ನೆನಪಿದೆಯಾ, ಆಮೇಲೆ ಎಲ್ಲಾ ಮಂಡೂರಿಗೆ ಹೊತ್ತು ಹಾಕಿದ್ರು, ಅಲ್ಲಿಯ ಜನ ರೊಚ್ಚಿಗೆದ್ದು ಲಾರಿ ತಡೆದ್ರು, 2014ರ ಕೊನೇಲಿ ಅಲ್ಲಿಗೂ ಹೋಗೋದು ನಿಂತಿತು. ಅದೇ ಕಸದ ಕೇಸ್ ಹೈಕೋರ್ಟಲ್ಲಿ ನಡೀತಿದ್ದಾಗ, ಮನೆ ಹತ್ರಾನೇ ಕಸದ ಮೇಲೆ ಕಣ್ಣಿಡೋಕೆ ಜನ ಬೇಕು, ವಾರ್ಡ್ ಕಮಿಟಿ ಮಾಡಿ ಅಂತ ಕೋರ್ಟು ಬೆನ್ನುಹತ್ತಿತು. 2016ರಲ್ಲಿ ನಿಯಮ ಬಂತು: ಅಧ್ಯಕ್ಷರು ಕಾರ್ಪೊರೇಟರು, ಜೊತೆಗೆ ನಾಮನಿರ್ದೇಶನ ಆದ ಹತ್ತು ಜನ, ಅದ್ರಲ್ಲಿ ಹೆಂಗಸರು, ಎಸ್‌ಸಿ ಎಸ್‌ಟಿ, ರೆಸಿಡೆಂಟ್ಸ್ ಅಸೋಸಿಯೇಷನ್‌ನೋರು ಇಷ್ಟಿಷ್ಟು ಅಂತ. 2018ರ ಕೊನೇಲಿ ತಿಂಗಳ ಮೊದಲ ಶನಿವಾರ ಮೀಟಿಂಗು ಅಂತ ಶುರುವಾಯ್ತು.

ಈಗಿನ ಕಥೆ ಇನ್ನೂ ಗೋಜಲು. 2020ರ ಸೆಪ್ಟೆಂಬರ್‌ಗೆ ಬಿಬಿಎಂಪಿ ಕೌನ್ಸಿಲ್ ಅವಧಿ ಮುಗೀತು, ಆಮೇಲೆ ಎಲೆಕ್ಷನ್ ಇಲ್ಲ, ವಾರ್ಡಿಗೊಬ್ರು ನೋಡಲ್ ಆಫೀಸರ್ ಅಂತ ಹಾಕಿದ್ರು. 2025ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿ ಹೋಗಿ ಐದು ಪಾಲಿಕೆ ಆಯ್ತು, ವಾರ್ಡ್ ಗಡಿ ಎಲ್ಲಾ ಬದಲು. ಹೊಸ ಕಾಯ್ದೇಲೂ ವಾರ್ಡ್ ಕಮಿಟಿ ಇದೆ. ಬೋರ್ಡ್ ಬದಲಾದ್ರೂ ಒಳಗಿರೋ ಎಇಇ ಅನ್ನೋ ಇಂಜಿನಿಯರು, ಹೆಲ್ತ್ ಇನ್ಸ್‌ಪೆಕ್ಟರು, ಮೇಸ್ತ್ರಿ, ಪೌರಕಾರ್ಮಿಕರು ಹೆಚ್ಚುಕಮ್ಮಿ ಅವರೇ, ಆದ್ದರಿಂದ ಇಲ್ಲಿ ಬರೆದಿರೋದು ಉಪಯೋಗಕ್ಕೆ ಬರುತ್ತೆ.

ಇನ್ನು ಅನುಭವಕ್ಕೆ ಬರೋಣ. ಜಾಗ: ವಾರ್ಡ್ ಆಫೀಸ್ ಮೇಲ್ಗಡೆ ಹಾಲು. ಪ್ಲಾಸ್ಟಿಕ್ ಕುರ್ಚಿ, ಎರಡು ಫ್ಯಾನು, ಅದ್ರಲ್ಲಿ ಒಂದು ಸದ್ದು ಮಾತ್ರ ಮಾಡುತ್ತೆ. ಗೋಡೆ ಮೇಲೆ ಹಸಿ ಕಸ ಒಣ ಕಸ ಬೇರೆ ಮಾಡಿ ಅನ್ನೋ ಪೋಸ್ಟರು, ಅದ್ರ ಕೆಳಗೆ ಒಂದೇ ಒಂದು ಬುಟ್ಟಿ, ಅದ್ರೊಳಗೆ ಬಾಳೆಹಣ್ಣಿನ ಸಿಪ್ಪೆ, ಪೇಪರ್ ಕಪ್ಪು, ಪೆನ್ ರೀಫಿಲ್ ಎಲ್ಲಾ ಒಟ್ಟಿಗೆ. ನಾನೇನೂ ಅನ್ಲಿಲ್ಲ, ಒಬ್ರು ಆಂಟಿ ಅಂದ್ರು, ಮುಂದಿನ ಸಲಕ್ಕೆ ಎರಡು ಬುಟ್ಟಿ ಬಂದಿತ್ತು. ನಗಬೇಡಿ, ಈ ಕಮಿಟಿ ಅಷ್ಟು ಬೇಗ ಮಾಡಿರೋ ಕೆಲಸ ಬೇರೆ ಇಲ್ಲ.

ಟೈಮಿಂಗ್ ಬಗ್ಗೆ ಹೇಳ್ಲೇಬೇಕು. ಹತ್ತೂವರೆ ಅಂತ ನೋಟಿಸಲ್ಲಿ ಇದ್ರೆ ಹನ್ನೊಂದು ಕಾಲು. ನೋಟಿಸು ಎಲ್ಲಿ ಹಾಕ್ತಾರೆ ಅನ್ನೋದೇ ಒಂದು ಸಂಶೋಧನೆ, ಆಫೀಸ್ ಬಾಗ್ಲಲ್ಲಿ ಅಂಟಿಸಿರ್ತಾರೆ, ವಾಟ್ಸಾಪ್ ಗ್ರೂಪಿಗೆ ಹಿಂದಿನ ರಾತ್ರಿ ಬರುತ್ತೆ, ಅದೂ ಒಂದು ಗುಡ್ ಮಾರ್ನಿಂಗ್ ಹೂವಿನ ಫೋಟೋ, ಒಂದು ಬ್ಲಡ್ ಬೇಕಾಗಿದೆ ಮೆಸೇಜ್ ಮಧ್ಯೆ. ಶನಿವಾರ ಬೆಳಿಗ್ಗೆ ಕೆಲಸಕ್ಕೆ ಹೋಗೋರು, ಅಂಗಡಿ ಇಟ್ಟೋರು, ಮನೆಕೆಲಸದೋರು ಯಾರೂ ಬರೋಕಾಗಲ್ಲ, ಬರೋದು ರಿಟೈರ್ಡ್ ಅಂಕಲ್‌ಗಳು, ಅಸೋಸಿಯೇಷನ್ ಸೆಕ್ರೆಟರಿಗಳು, ವರ್ಕ್ ಫ್ರಮ್ ಹೋಮ್ ಇರೋ ನಾಕೈದು ಜನ. ಹಾಗಾಗಿ ಮೊದಲನೇ ಅರ್ಧ ಗಂಟೆ ಪಾರ್ಕಿನ ವಾಕಿಂಗ್ ಟ್ರ್ಯಾಕ್ ಬಗ್ಗೇನೇ ಹೋಗುತ್ತೆ. ಹಿಂದಿನ ಬೀದಿಯಿಂದ ಒಬ್ರು ಹೆಂಗಸು ಚರಂಡಿ ಉಕ್ಕಿ ಮನೆಯೊಳಗೆ ಬರುತ್ತೆ ಅಂತ ಹೇಳೋಕೆ ಕೂಲಿ ಬಿಟ್ಟು ಬಂದಿದ್ರು, ಅವರ ಸರದಿ ಬರೋ ಹೊತ್ತಿಗೆ ಇಂಜಿನಿಯರ್‌ಗೆ ಫೋನ್ ಬಂತು, ಎದ್ದು ಹೋದ್ರು. ಮೈನಸ್ ಒಂದು ಸ್ಟಾರ್ ಇದಕ್ಕೇ, ಇನ್ನೇನಕ್ಕೂ ಅಲ್ಲ. ಟೀ ಚೆನ್ನಾಗಿರುತ್ತೆ, ಮಾರಿ ಬಿಸ್ಕೆಟ್ಟು. ಪಾರ್ಕಿಂಗ್ ಇಲ್ಲ, ಗಾಡಿ ತರ್ಬೇಡಿ.

ಈಗ ಪ್ಲಸ್ ಪಾಯಿಂಟು. ಎಲೆ ವಿಚಾರ ಒಂದನ್ನ ಉದ್ದಕ್ಕೆ ಬರೀತೀನಿ, ಯಾಕಂದ್ರೆ ಈ ಸರ್ವಿಸ್ ಹೆಂಗೆ ಕೆಲಸ ಮಾಡುತ್ತೆ, ಎಲ್ಲಿ ನಿಲ್ಲುತ್ತೆ ಅನ್ನೋದು ಅದ್ರಲ್ಲೇ ಗೊತ್ತಾಗುತ್ತೆ.

ಜನವರಿಯಿಂದ ಮಾರ್ಚ್‌ವರೆಗೆ ಬೆಂಗಳೂರಲ್ಲಿ ಮರಗಳು ಎಲೆ ಉದುರಿಸೋ ಕಾಲ ಅಲ್ವಾ, ಮಳೆಮರದ್ದು ಸಣ್ಣ ಎಲೆ, ಹೊಂಗೇದು ಅಗಲದ್ದು, ಬೆಳಿಗ್ಗೆ ಗುಡಿಸಿದ್ರೆ ಮಧ್ಯಾಹ್ನಕ್ಕೆ ಮತ್ತೆ ರಸ್ತೆ ತುಂಬಾ. ಆರೂವರೆ ಏಳು ಗಂಟೆಗೆ ಮೂಲೆ ಮೂಲೇಲಿ ಹೊಗೆ. ನಮ್ಮ ಪಕ್ಕದ ಬೀದೀಲಿ ಆಸ್ತಮಾ ಇರೋ ಮಕ್ಕಳು ಇದಾರೆ, ಒಬ್ರ ಮನೇಲಿ ವಯಸ್ಸಾದೋರು ಆಕ್ಸಿಜನ್ ಮೇಲೆ ಇದ್ರು. ಗ್ರೂಪಲ್ಲಿ ಪ್ರತಿ ವರ್ಷ ಇದೇ ಗಲಾಟೆ: ಪೌರಕಾರ್ಮಿಕರು ಸುಡ್ತಾರೆ, ಫೋಟೋ ತೆಗೀರಿ, ಕಂಪ್ಲೇಂಟ್ ಹಾಕಿ, ಫೈನ್ ಹಾಕ್ಸಿ. ಕಾನೂನೂ ಇದೆ, 2016ರ ಡಿಸೆಂಬರ್‌ನಲ್ಲಿ ಎನ್‌ಜಿಟಿ, ಅಂದ್ರೆ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ, ಬಯಲಲ್ಲಿ ಕಸ ಸುಟ್ರೆ 5000 ರೂಪಾಯಿ, ದೊಡ್ಡ ಮಟ್ಟದಲ್ಲಿ ಸುಟ್ರೆ 25,000 ರೂಪಾಯಿ ದಂಡ ಅಂತ ಹೇಳಿದೆ. ಆದ್ರೆ ತಿಂಗಳ ಸಂಬಳ ಎಣಿಸಿ ಬದುಕೋ ಹೆಂಗಸಿಗೆ ಐದು ಸಾವಿರ ಫೈನ್ ಹಾಕ್ಸಿ ಅಂತ ಎಸಿ ರೂಮಿಂದ ಟೈಪ್ ಮಾಡೋಕೆ ಕೈ ಹೆಂಗೆ ಬರುತ್ತೋ.

ಮೀಟಿಂಗಲ್ಲಿ ಈ ವಿಷಯ ಎತ್ತಿದಾಗ ಒಂದು ಒಳ್ಳೇದಾಯ್ತು. ಒಬ್ರು ಸದಸ್ಯರು, ಹೆಂಗಸು, "ಗುಡಿಸೋರನ್ನೇ ಕರೆದು ಕೇಳೋಣ, ನಾವ್ ನಾವೇ ಮಾತಾಡ್ಕೊಂಡ್ರೆ ಏನ್ ಬಂತು" ಅಂದ್ರು. ಕೆಳಗೆ ಹಾಜರಿ ಹಾಕೋಕೆ ಬಂದಿದ್ದ ಒಬ್ರು ಪೌರಕಾರ್ಮಿಕ ಅಮ್ಮನ್ನ ಕರೆಸಿದ್ರು. ಅವರು ಮೊದ್ಲು ಒಳಗೆ ಬರೋಕೆ ಒಪ್ಲಿಲ್ಲ, ಬಾಗ್ಲಲ್ಲೇ ನಿಂತ್ರು, ಆಮೇಲೆ ಕೂತ್ಕೊಂಡು ಹೇಳಿದ್ದು ಇಷ್ಟು: "ನಾವೇನ್ ಆಸೆಗ್ ಸುಡ್ತೀವಾ ಸಾರ್, ಹೊಗೆ ಮೊದ್ಲು ಕುಡಿಯೋದು ನಾವೇ. ಚೀಲಕ್ಕೆ ತುಂಬಿ ಇಟ್ರೆ ಕಸದ ಆಟೋದವ್ನು ಎತ್ತಲ್ಲ, ಎಲೆ ಜಾಗ ತಿನ್ನುತ್ತೆ ಅಂತಾನೆ. ನಾಕ್ ದಿನ ಅಲ್ಲೇ ಇದ್ರೆ ಮೇಸ್ತ್ರಿ ಬೈತಾರೆ, ಮನೆಯೋರೂ ಬೈತಾರೆ. ಚೀಲಾನೂ ನಾವೇ ತರ್ಬೇಕು." ಹಾಲ್ ಒಂದ್ ನಿಮಿಷ ಸುಮ್ನಾಯ್ತು. ಆಟೋ ಟಿಪ್ಪರ್ ಇರೋದು ಮನೆ ಕಸಕ್ಕೆ, ಬೀದಿ ಗುಡಿಸಿದ ಎಲೆ ಎತ್ತೋಕೆ ಗಾಡಿ ಬೇರೆ, ಅದು ನಮ್ಮ ಕಡೆ ಬರ್ತಾನೇ ಇರ್ಲಿಲ್ಲ. ಇಷ್ಟು ವರ್ಷ ಗ್ರೂಪಲ್ಲಿ ಫೋಟೋ ಹಾಕಿದೋರು ಯಾರೂ ಈ ಪ್ರಶ್ನೆ ಕೇಳಿರ್ಲಿಲ್ಲ.

ಆಮೇಲೆ ಪಾರ್ಕಿನ ಮೂಲೇಲಿ ಎಲೆ ಗೊಬ್ಬರದ ತೊಟ್ಟಿ ಮಾಡೋಣ ಅಂತ ತೀರ್ಮಾನ ಆಯ್ತು. ಏನ್ ದೊಡ್ಡ ಟೆಕ್ನಾಲಜಿ ಅಲ್ಲ, ನಾಕು ಕಬ್ಬಿಣದ ಕಂಬ, ಸುತ್ತ ಮೆಷ್ಷು, ಮುಂದೆ ಒಂದು ಗೇಟು, ತಳ ಮಣ್ಣೇ. ಎಲೆ ಹಾಕೋದು, ತುಳಿಯೋದು, ಸಗಣಿ ನೀರೋ ಹುಳಿ ಮಜ್ಜಿಗೇನೋ ಚಿಮುಕಿಸೋದು, ಮೇಲೆ ಮತ್ತೆ ಎಲೆ. ಒದ್ದೆ ಇರ್ಬೇಕು, ಹಿಂಡಿದ್ರೆ ನೀರು ಸುರೀಬಾರ್ದು. ಆಳೆತ್ತರ ತುಂಬಿದ್ದು ಕೆಲವೇ ವಾರದಲ್ಲಿ ಸೊಂಟಕ್ಕೆ ಇಳಿಯುತ್ತೆ, ಅದಕ್ಕೇ ಒಂದು ತೊಟ್ಟೀಲಿ ಅಷ್ಟೊಂದು ಎಲೆ ಹಿಡಿಯೋದು. ಕೈ ಒಳಗೆ ಹಾಕಿದ್ರೆ ಬಿಸಿ ಇರುತ್ತೆ, ಮಳೆ ಬಿದ್ದ ಮಣ್ಣಿನ ವಾಸನೆ ಬಂದ್ರೆ ಸರಿ ಹೋಗ್ತಿದೆ ಅಂತ, ಮೊಟ್ಟೆ ಕೆಟ್ಟ ವಾಸನೆ ಬಂದ್ರೆ ನೀರು ಜಾಸ್ತಿ ಆಗಿದೆ ಅಂತ. ಮೂರ್ನಾಲ್ಕು ತಿಂಗಳಿಗೆ ಅಡೀಲಿ ಕಪ್ಪಗೆ ಪುಡಿ ಪುಡಿ ಆಗಿರುತ್ತೆ. ಹೊಂಗೆ ಎಲೆ ಬೇಗ ಕೊಳೆಯುತ್ತೆ, ಮಾವಿನ ಎಲೆ ಮಹಾ ಮೊಂಡು, ಅದನ್ನ ಮುರಿದು ಹಾಕ್ಬೇಕು. ಪ್ಲಾಸ್ಟಿಕ್ ಆರಿಸೋದೇ ದೊಡ್ಡ ಕೆಲಸ, ಗುಟ್ಕಾ ಪ್ಯಾಕೆಟ್ಟು, ಸ್ಯಾಶೆ, ಸಿಗರೇಟ್ ತುಂಡು, ಎಲೆ ಜೊತೆ ಎಲ್ಲಾ ಬರುತ್ತೆ.

ತೀರ್ಮಾನ ಆಗೋಕೂ ತೊಟ್ಟಿ ಬರೋಕೂ ಮಧ್ಯೆ ಏನಾಯ್ತು ಅಂತ ಹೇಳ್ಬೇಕು, ಯಾಕಂದ್ರೆ ಅಲ್ಲೇ ಈ ಸರ್ವಿಸ್‌ನ ಅಸಲಿ ರಹಸ್ಯ ಇರೋದು. ಮುಂದಿನ ತಿಂಗಳು ಹೋಗಿ ತೊಟ್ಟಿ ಏನಾಯ್ತು ಸಾರ್ ಅಂದ್ರೆ "ಯಾವ ತೊಟ್ಟಿ?" ಅಂದ್ರು. ನಿಜವಾಗ್ಲೂ. ನಡಾವಳಿ ಪುಸ್ತಕ ತೆಗೆಸಿ ನೋಡಿದ್ರೆ "ಪರಿಸರ ಸಂಬಂಧಿತ ವಿಷಯಗಳನ್ನು ಚರ್ಚಿಸಲಾಯಿತು" ಅಂತ ಒಂದು ಸಾಲು. ಒಂದೂವರೆ ಗಂಟೆ ಮಾತಾಡಿದ್ದು, ಆ ಅಮ್ಮ ಹೇಳಿದ್ದು, ಎಲ್ಲಾ ಆ ಒಂದು ಸಾಲಲ್ಲಿ ಸಮಾಧಿ. ಅವತ್ತಿಂದ ನಮ್ಮೋರು ಒಂದು ಪದ್ಧತಿ ಮಾಡಿದ್ರು, ಮೀಟಿಂಗ್ ಮುಗಿಯೋ ಮುಂಚೆ ಬರೆದಿದ್ದನ್ನ ಜೋರಾಗಿ ಓದಿಸೋದು. ಏನು, ಎಲ್ಲಿ, ಯಾರ ಜವಾಬ್ದಾರಿ, ಯಾವ ತಾರೀಕಿನ ಒಳಗೆ. "ಕ್ರಮ ವಹಿಸಲಾಗುವುದು" ಅಂತ ಬರೆದ್ರೆ ಒಪ್ಪಲ್ಲ, "ಪಾರ್ಕಿನ ಈಶಾನ್ಯ ಮೂಲೆಯಲ್ಲಿ ಎಲೆ ಗೊಬ್ಬರದ ತೊಟ್ಟಿ, ಜವಾಬ್ದಾರಿ ಇಂಥ ಹುದ್ದೆಯೋರು, ಮುಂದಿನ ಸಭೆಯೊಳಗೆ" ಅಂತ ಬೇಕು. ಹೆಸರು ಬೇಡ, ಹುದ್ದೆ ಬರೆಸಿ, ಯಾಕಂದ್ರೆ ಆಫೀಸರ್‌ಗಳು ಟ್ರಾನ್ಸ್‌ಫರ್ ಆಗ್ತಾನೇ ಇರ್ತಾರೆ. ಸಹಿ ಆದ ಪುಟದ ಫೋಟೋ ಅಲ್ಲೇ ತಗೊಂಡು ಗ್ರೂಪಿಗೆ ಹಾಕೋದು. ಇಷ್ಟು ಮಾಡಿದ್ಮೇಲೆ ತೊಟ್ಟಿ ಬಂತು. ಅಧಿಕಾರ ಬಂದಿದ್ದು ಕಮಿಟಿಗಲ್ಲ, ಆ ಪುಟಕ್ಕೆ. ನಾಳೆ ಆರ್‌ಟಿಐ ಹಾಕಿದ್ರೂ ಆ ಪುಟಾನೇ ಕೇಳೋದು, ಮೇಲಿನೋರಿಗೆ ಬರೆದ್ರೂ ಆ ಪುಟದ ಜೆರಾಕ್ಸೇ ಲಗತ್ತಿಸೋದು.

ಕಾನೂನಲ್ಲಿ ನೋಡಿದ್ರೆ ವಾರ್ಡ್ ಪ್ಲಾನ್ ಮಾಡೋದು, ಕಸ ವಿಲೇವಾರಿ ಮೇಲೆ ನಿಗಾ ಇಡೋದು ಅಂತ ಈ ಕಮಿಟಿಗೆ ಭರ್ಜರಿ ಕೆಲಸ ಇದೆ. ನಡೆಯೋದು ಮಾತ್ರ ಸಲಹೆ. ಸಲಹೆ ಅಂತ ಗೊತ್ತಿಟ್ಕೊಂಡು ಹೋದ್ರೆ ತಲೆನೋವು ಕಮ್ಮಿ.

ಬ್ಲಾಕ್ ಸ್ಪಾಟ್, ಅಂದ್ರೆ ಜನ ದಿನಾ ಕಸ ತಂದು ಸುರಿಯೋ ಮೂಲೆ, ಆ ವಿಚಾರ ಅರ್ಧ ಗೆಲುವು. ಚಿಕನ್ ಅಂಗಡಿ ಹತ್ರ ಟ್ರಾನ್ಸ್‌ಫಾರ್ಮರ್ ಪಕ್ಕ ಜಾಗ, ನೋಡಿದೋರಿಗೆ ಗೊತ್ತು. ಮೊದ್ಲು ಮಾಮೂಲಿ ಔಷಧಿ, ಕ್ಲೀನ್ ಮಾಡಿ ರಂಗೋಲಿ ಹಾಕಿ ಹೂಕುಂಡ ಇಟ್ರು, ದೇವರ ಫೋಟೋ ಟೈಲ್ಸೂ ಅಂಟಿಸಿದ್ರು. ರಂಗೋಲಿ ಎರಡ್ ದಿನ, ಹೂಕುಂಡ ಒಂದು ವಾರ ಇತ್ತು, ಹೂಕುಂಡ ಯಾರ್ ಮನೇಲಿದೆ ಅಂತಾನೂ ಗೊತ್ತು, ಬಿಡಿ. ಆಮೇಲೆ ಮೀಟಿಂಗಲ್ಲಿ ಒಬ್ಬ ಹುಡುಗ, ಪಿಜೀಲಿ ಇರೋನು, ಎದ್ದು ನಿಂತು ಹೇಳ್ದ, "ಸಾರ್ ನಾವ್ ರಾತ್ರಿ ಶಿಫ್ಟು, ಆಟೋ ಬರೋದು ಬೆಳಿಗ್ಗೆ ಏಳಕ್ಕೆ, ಆಗ ನಾವ್ ಮಲಗಿರ್ತೀವಿ, ಪಿಜಿ ಓನರ್ ಡಸ್ಟ್‌ಬಿನ್ ಇಟ್ಟಿಲ್ಲ, ಎಲ್ಲಿಗೆ ಹಾಕೋಣ ಹೇಳಿ." ಅಂಕಲ್‌ಗಳು ಅವನ ಮೇಲೆ ಮುಗಿಬಿದ್ರು, ಆದ್ರೆ ಅವ್ನ್ ಕೇಳಿದ್ದು ಸರಿಯಾಗೇ ಇತ್ತು. ಪಿಜಿ ಓನರ್‌ಗಳಿಗೆ ನೋಟಿಸ್ ಹೋಯ್ತು, ಮೂರು ಥರದ ಕಸ ಬೇರೆ ಬೇರೆ ಇಡ್ಬೇಕು ಅಂತ. 2015ರ ಡಿಸೆಂಬರ್‌ನಲ್ಲೇ ಹೈಕೋರ್ಟು ಎರಡು ಬಿನ್ ಒಂದು ಬ್ಯಾಗು ಅಂತ ಹೇಳಿರೋದು, ಹಸಿಗೆ ಹಸಿರು ಡಬ್ಬ, ಸ್ಯಾನಿಟರಿ ಥರದ್ದಕ್ಕೆ ಕೆಂಪು ಡಬ್ಬ, ಒಣ ಕಸಕ್ಕೆ ಚೀಲ, ಆದ್ರೆ ಪಿಜಿಗಳಿಗೆ ಆ ಸುದ್ದಿ ತಲುಪೋಕೆ ಇಷ್ಟು ವರ್ಷ ಬೇಕಾಯ್ತು. ಮನೆ ಕಸ ಬೀಳೋದು ಗಣನೀಯವಾಗಿ ಕಮ್ಮಿ ಆಯ್ತು. ಚಿಕನ್ ಅಂಗಡಿ ಕಸ ಮಾತ್ರ ರಾತ್ರಿ ಹನ್ನೊಂದಾದ್ಮೇಲೆ ಈಗ್ಲೂ ಬೀಳುತ್ತೆ, ನಾಯಿಗಳು ಎಳೆದಾಡ್ತವೆ.

ಒಣ ಕಸದ ಸೆಂಟರ್ ಬಗ್ಗೆ ಒಂದ್ ಮಾತು. ವಾರ್ಡ್ ಮಟ್ಟದ ಒಣ ಕಸ ಸಂಗ್ರಹ ಕೇಂದ್ರಗಳನ್ನ ಎಷ್ಟೋ ಕಡೆ ನಡೆಸ್ತಿರೋದು ಮೊದ್ಲು ಬೀದೀಲಿ ಚಿಂದಿ ಆಯ್ತಿದ್ದೋರು, ಬೆಂಗಳೂರಲ್ಲಿ ಅವರಿಗೆ ಗುರುತಿನ ಚೀಟೀನೂ ಕೊಟ್ಟಿದಾರೆ. ನಮ್ಮ ಕಡೆ ಸೆಂಟರ್ ನಡೆಸೋ ಅಕ್ಕ ಮೀಟಿಂಗಿಗೆ ಬಂದಾಗ ಹಾಲಿನ ಕವರ್ ತೊಳೆದು ಕೊಡಿ, ವಾಸನೆ ಹೊಡೆದ್ರೆ ತಗೊಳೋರಿಲ್ಲ ಅಂತ ಕೈ ಮುಗಿದು ಹೇಳಿದ್ರು. ಪಿಪಿಟಿಗಳಿಗಿಂತ ಅದೇ ಜನಕ್ಕೆ ನಾಟಿತು.

ಮರದ ವಿಚಾರಕ್ಕೆ ಹೋದ್ರೆ ನಿರೀಕ್ಷೆ ಅಳತೆಯಾಗಿ ಇಟ್ಕೊಳಿ. ಮರ ಕಡಿಯೋಕೆ ಪರ್ಮಿಷನ್ ಕೊಡೋದು ಬಿಡೋದು 1976ರ ಮರ ಸಂರಕ್ಷಣಾ ಕಾಯ್ದೆ ಪ್ರಕಾರ ಮರ ಅಧಿಕಾರಿ, ವಾರ್ಡ್ ಕಮಿಟಿ ಅಲ್ಲ. ನಿಮ್ಮ ಕಾಂಪೌಂಡ್ ಒಳಗಿನ ಮರಕ್ಕೂ ಅರ್ಜಿ ಹಾಕ್ಬೇಕು, 50ಕ್ಕಿಂತ ಜಾಸ್ತಿ ಮರ ಅಂದ್ರೆ ಸಾರ್ವಜನಿಕರ ಆಕ್ಷೇಪಣೆ ಕೇಳ್ಬೇಕು. 2016ರಲ್ಲಿ ಸ್ಟೀಲ್ ಫ್ಲೈಓವರಿಗೆ 812 ಮರ ಹೋಗುತ್ತೆ ಅಂದಾಗ ಜನ ರಸ್ತೇಲಿ ಕೈ ಕೈ ಹಿಡ್ಕೊಂಡು ನಿಂತ್ರಲ್ಲ, 2017ರ ಮಾರ್ಚಲ್ಲಿ ಸರ್ಕಾರ ಅದನ್ನ ಕೈಬಿಡ್ತು, ಅದು ಊರಿಗೆ ಊರೇ ಎದ್ದಿದ್ದು, ವಾರ್ಡ್ ಮೀಟಿಂಗಿಂದ ಆಗೋ ಕೆಲಸ ಅಲ್ಲ. ವಾರ್ಡ್ ಮೀಟಿಂಗಿಂದ ಆಗೋದು ಬುಡದ ಕೆಲಸ. ಫುಟ್‌ಪಾತ್ ಮಾಡುವಾಗ ಕಂಟ್ರಾಕ್ಟರು ಮರದ ಬುಡಕ್ಕೆ ಒತ್ತಿ ಕಾಂಕ್ರೀಟ್ ಹಾಕ್ಬಿಡ್ತಾರೆ, ಕಾಂಡ ದಪ್ಪ ಆಗೋಕೆ ಜಾಗ ಇಲ್ಲ, ನೀರು ಇಳಿಯಲ್ಲ, ಬೇರು ಉಸಿರಾಡಲ್ಲ, ಆಮೇಲೆ ಮೇ ತಿಂಗಳ ಗಾಳಿಮಳೆಗೆ ಮರ ಬುಡಸಮೇತ ಕಾರಿನ ಮೇಲೆ ಬಿದ್ದಾಗ ಮರದ್ದೇ ತಪ್ಪು ಅಂತಾರೆ. ದೆಹಲಿ ಕೇಸಲ್ಲಿ ಎನ್‌ಜಿಟಿ 2013ರಲ್ಲೇ ಮರದ ಸುತ್ತ ಒಂದು ಮೀಟರ್ ಕಾಂಕ್ರೀಟ್ ತೆಗೀರಿ ಅಂದಿದೆ. ನಮ್ಮ ಮೀಟಿಂಗಲ್ಲಿ ಎರಡು ಕ್ರಾಸ್ ರಸ್ತೆಗಳ ಮರದ ಪಟ್ಟಿ ಕೊಟ್ವಿ, ಗುರುತು ಹಾಕಿ, ಮುಕ್ಕಾಲು ಭಾಗ ಒಡೆದು ಬಿಡಿಸಿದ್ರು. ಉಳಿದಿದ್ದು ಅಂಗಡಿಗಳ ಮುಂದೆ, ಅಂಗಡಿಯೋರು ಒಪ್ಪಲ್ಲ, ಕಸ್ಟಮರ್ ಕಾಲಿಗೆ ಮಣ್ಣಾಗುತ್ತಂತೆ.

ಅದೇ ಮೀಟಿಂಗಲ್ಲೇ ಒಬ್ರು ಮಹಾನುಭಾವರು ಎದ್ದು ನಮ್ಮ ಮನೆ ಮುಂದಿನ ಮರ ಕಡಿಸಿಕೊಡಿ, ಕಾರಿನ ಮೇಲೆ ಹಕ್ಕಿ ಹಿಕ್ಕೆ ಹಾಕುತ್ತೆ ಅಂದ್ರು. ಕಾರು ನಿಲ್ಲಿಸ್ತಿರೋದು ಫುಟ್‌ಪಾತ್ ಮೇಲೆ ಅಂತ ಹಿಂದಿಂದ ಯಾರೋ ಕೂಗಿದ್ರು. ಆ ವಿಷಯ ಅಲ್ಲಿಗೆ ಮುಗೀತು. ಮರಕ್ಕೆ ಹೊಡೆದ ಮೊಳೆ ತೆಗೆಯೋಕೆ ಮಾತ್ರ ಕಮಿಟಿ ಕಾಯ್ಬೇಡಿ, ನಮ್ಮ ಬೀದಿ ಮಕ್ಕಳು ಒಂದು ಭಾನುವಾರ ಕಟಿಂಗ್ ಪ್ಲೇಯರ್ ಹಿಡ್ಕೊಂಡು ಹೋಗಿ ಪಿಜಿ, ಟ್ಯೂಷನ್, ಇಂಟರ್ನೆಟ್ ಬೋರ್ಡ್ ಎಲ್ಲಾ ಕಿತ್ತಾಕಿ ಒಂದು ಡಬ್ಬ ತುಂಬಾ ತುಕ್ಕು ಮೊಳೆ ತಂದ್ರು.

ಇನ್ನು ಕೆರೆ. ಇದಕ್ಕೆ ಸೊನ್ನೆ ಸ್ಟಾರ್, ಆದ್ರೆ ತಪ್ಪು ಕಮಿಟೀದಲ್ಲ. ನಮ್ಮ ಹತ್ರದ ಕೆರೆಗೆ ಕೊಳಚೆ ಸೇರ್ತಿದೆ ಅಂತ ಪ್ರತಿ ಮೀಟಿಂಗಲ್ಲೂ ಬರುತ್ತೆ, ಪ್ರತಿ ಮೀಟಿಂಗಲ್ಲೂ ಇದು ನಮ್ಮ ವ್ಯಾಪ್ತಿ ಅಲ್ಲ ಅಂತ ಉತ್ತರ ಬರುತ್ತೆ, ಉತ್ತರ ಸುಳ್ಳೂ ಅಲ್ಲ. ಒಂದು ಕೆರೆ ಅಂದ್ರೆ ಒಳಚರಂಡಿ ನೀರು ಜಲಮಂಡಳಿ, ರಾಜಕಾಲುವೆ ಬೇರೆ ವಿಭಾಗ, ಕೆರೆ ನೋಡ್ಕೊಳೋದು ಇನ್ನೊಂದು ವಿಭಾಗ, ನೀರಿನ ಗುಣಮಟ್ಟ ಮಾಲಿನ್ಯ ನಿಯಂತ್ರಣ ಮಂಡಳಿ, ಒತ್ತುವರಿ ಅಂದ್ರೆ ಕಂದಾಯದೋರು. ಕೊಳಚೆ ಸೇರೋದೂ ನಿಮ್ಮ ವಾರ್ಡಲ್ಲಲ್ಲ, ಮೇಲಿನ ಇನ್ಯಾವುದೋ ವಾರ್ಡಲ್ಲಿ, ಯಾಕಂದ್ರೆ ಬೆಂಗಳೂರಿನ ಕೆರೆಗಳು ಒಂದರ ಕೋಡಿ ಇನ್ನೊಂದಕ್ಕೆ ಅಂತ ಸರಪಳಿ ಥರ ಕಟ್ಟಿರೋವು. ಬೆಳ್ಳಂದೂರು ಕೆರೆಯಲ್ಲಿ ನೊರೆ ಎದ್ದು, ಬೆಂಕಿ ಬಿದ್ದು, 2018ರ ಜನವರೀಲಿ ಆರಿಸೋಕೆ ಸಾವಿರಾರು ಸೈನಿಕರು ಬರ್ಬೇಕಾಯ್ತು, ಅದೇ ವರ್ಷ ಡಿಸೆಂಬರಲ್ಲಿ ಎನ್‌ಜಿಟಿ ರಾಜ್ಯ ಸರ್ಕಾರಕ್ಕೆ 50 ಕೋಟಿ, ಬಿಬಿಎಂಪಿಗೆ 25 ಕೋಟಿ ಅಂತ ಹಾಕಿತು. ಅಷ್ಟು ದೊಡ್ಡೋರ ಕೈಲೇ ಆಗ್ದೇ ಇರೋದು ನಮ್ಮ ಪ್ಲಾಸ್ಟಿಕ್ ಕುರ್ಚಿ ಮೀಟಿಂಗಲ್ಲಿ ಆಗುತ್ತೆ ಅಂತ ಅಂದ್ಕೋಬೇಡಿ.

ಕೆರೆಗೆ ಕೆಲಸ ಮಾಡ್ಬೇಕು ಅಂದ್ರೆ ಕೆರೆ ಗುಂಪು ಸೇರಿ. ಪುಟ್ಟೇನಹಳ್ಳಿ ಕೆರೆ ಅಕ್ಕಪಕ್ಕದ ಜನ ಟ್ರಸ್ಟ್ ಮಾಡ್ಕೊಂಡು ಪಾಲಿಕೆ ಜೊತೆ ಒಪ್ಪಂದ ಮಾಡ್ಕೊಂಡು ವರ್ಷಗಟ್ಟಲೆ ನೋಡ್ಕೊಂಡಿದಾರೆ, ಜಕ್ಕೂರಲ್ಲಿ ಸಂಸ್ಕರಿಸಿದ ನೀರು ಜೊಂಡಿನ ಮಧ್ಯೆ ಹಾದು ಕೆರೆಗೆ ಇಳಿಯೋ ಹಾಗೆ ಮಾಡಿದಾರೆ, ಒಂದ್ಸಲ ಹೋಗಿ ನೋಡ್ಕೊಂಡ್ ಬನ್ನಿ. ವಾರ್ಡ್ ಕಮಿಟೀಲಿ ಕೆರೆಗೆ ಆಗೋದು ಒಂದೇ, ಗಣೇಶನ ಹಬ್ಬಕ್ಕೆ ಮುಂಚೆ ಮೂರ್ತಿ ಮುಳುಗಿಸೋ ಮೊಬೈಲ್ ಟ್ಯಾಂಕರ್ ಎಲ್ಲಿ ನಿಲ್ಲುತ್ತೆ, ಪಿಒಪಿ (ಪ್ಲಾಸ್ಟರ್ ಆಫ್ ಪ್ಯಾರಿಸ್) ಮೂರ್ತಿ ಮಾರೋ ಅಂಗಡಿ ಯಾವ್ದು ಅಂತ ಬರೆಸೋದು. ಅದನ್ನ ಆಗಸ್ಟ್ ಮೀಟಿಂಗ್‌ವರೆಗೆ ಬಿಡ್ಬೇಡಿ, ಅಷ್ಟೊತ್ತಿಗೆ ಮೂರ್ತಿ ಬಂದು ಬಣ್ಣ ಒಣಗಿರುತ್ತೆ, ಜೂನಲ್ಲೇ ಎತ್ತಿ.

ಕಾರ್ಪೊರೇಟರ್ ಇದ್ದಾಗ ಚೆನ್ನಾಗಿತ್ತಾ ಈಗಾ ಅಂತ ಕೇಳ್ತಾರೆ. ಎರಡಕ್ಕೂ ಎರಡು ಥರ. ಆಗ ಸದಸ್ಯರಲ್ಲಿ ಅರ್ಧ ಜನ ಅಧ್ಯಕ್ಷರ ಕಡೆಯೋರು, ಎದುರು ಮಾತಾಡಿದ್ರೆ ಮುಖ ಗಂಟು, ಆದ್ರೆ ಮನಸ್ಸು ಮಾಡಿದ್ರೆ ಒಂದು ಫೋನಲ್ಲಿ ಜೆಸಿಬಿ ಬರ್ತಿತ್ತು. ಆಫೀಸರ್ ನಡೆಸಿದಾಗ ಎಲ್ರಿಗೂ ಮಾತಾಡೋಕೆ ಬಿಡ್ತಾರೆ, ನಯವಾಗಿ ಕೇಳಿಸ್ಕೊತಾರೆ, ಬರ್ಕೊತಾರೆ, ಆದ್ರೆ ಅವರಿಗೆ ಇದು ಹತ್ತರಲ್ಲಿ ಹನ್ನೊಂದನೇ ಕೆಲಸ, ವೋಟು ಕೇಳೋಕೆ ನಮ್ಮ ಬಾಗ್ಲಿಗೆ ಬರ್ಬೇಕಾಗಿಲ್ವಲ್ಲ. ನನ್ನ ಕೇಳಿದ್ರೆ ಬೈಸ್ಕೊಂಡ್ರೂ ಪರ್ವಾಗಿಲ್ಲ, ವೋಟು ಕೇಳೋರೇ ಇರ್ಬೇಕು.

ಮೊದಲ ಸಲ ಹೋಗೋರಿಗೆ: ಹಾಜರಿ ಪುಸ್ತಕದಲ್ಲಿ ಸಹಿ ಹಾಕಿ, ಇಲ್ಲಾಂದ್ರೆ ನೀವು ಬಂದೇ ಇಲ್ಲ. ಕನ್ನಡದಲ್ಲೇ ಮಾತಾಡಿ, ಹೊರಗಿನೋರು ಇಂಗ್ಲಿಷಲ್ಲೋ ಹಿಂದೀಲೋ ಹೇಳಿದ್ರೆ ಯಾರೂ ಬೈಯಲ್ಲ, ಪಕ್ಕದಲ್ಲಿ ಕೂತೋರು ಹೇಳಿಕೊಡ್ತಾರೆ. ಒಂದು ಮೀಟಿಂಗಿಗೆ ಒಂದೇ ವಿಷಯ, ಒಂದು ಫೋಟೋ, ಜಾಗದ ಗುರುತು. ಹತ್ತು ವಿಷಯದ ಪಟ್ಟಿ ತಂದೋರದ್ದು ಹತ್ತೂ "ಚರ್ಚಿಸಲಾಯಿತು" ಆಗುತ್ತೆ. ಕೊನೇವರೆಗೂ ಇರಿ, ಓದಿಸೋದು ಕೊನೇಲೇ.

ನಮ್ಮಲ್ಲಿ ಮುಂದಿನ ಸಲ ಎರಡನೇ ಎಲೆ ತೊಟ್ಟಿ ಎಲ್ಲಿ ಅನ್ನೋದು ಬರುತ್ತೆ. ಪಾರ್ಕಿನ ಆ ಕಡೆ ಮೂಲೆ ಅಂದ್ರೆ ಶಟಲ್ ಆಡೋರು ಬಿಡಲ್ಲ ಅಂತಿದಾರೆ, ಅವರ ಕಡೆಯಿಂದಾನೂ ಜನ ಬರ್ತಾರಂತೆ, ಕುರ್ಚಿ ಬೇಕಂದ್ರೆ ಹನ್ನೊಂದರೊಳಗೆ ಬನ್ನಿ.